ನನ್ನ ಕಡೆಯ ಹಾರನ್

ಗಂಡ ಹೆಂಡತಿ ಇಬ್ಬರೂ ಹಾರನ್ ಒತ್ತುವ ಕಾರು ಹಾಸನ ಜಿಲ್ಲೆಯಲ್ಲೆಲ್ಲ ನಮ್ಮದೊಂದೇ ಇದ್ದಿರಬೇಕು.

ಈಗ ಅದೂ ಇಲ್ಲ. ಯಾಕಿಲ್ಲ ಎನ್ನುವುದೇ ಈ ವಾರದ ಮಾತು.

ಚನ್ನರಾಯಪಟ್ಟಣದವರಿಗೆ ನಮ್ಮ ಕಾರಿನ ಸಮಾಚಾರ ಹೊಸದಲ್ಲ. 'ಹಾರನ್ ಅಮ್ಮಣ್ಣಿ' ಅಂತ ನನಗೊಂದು ಹೆಸರಿಟ್ಟಿದ್ದೀರಿ ಎನ್ನುವುದೂ ನನಗೆ ಗೊತ್ತು. (ನೀವು ಬೆನ್ನ ಹಿಂದೆ ಅನ್ನುತ್ತೀರಿ. ನಿಮ್ಮ ಮಕ್ಕಳು ಎದುರಿಗೇ ಅಂದುಬಿಡುತ್ತವೆ!) ಆದರೆ ಬೇರೆ ಊರಿನಲ್ಲಿ ಈ ಅಂಕಣ ಓದುವವರಿಗೆ ಮೊದಲಿನಿಂದ ಹೇಳಬೇಕು. ಹುಣಸೆ ತೊಕ್ಕಿನ ವಿಚಾರ ಇನ್ನಷ್ಟು ಬರೆಯಿರಿ ಎಂದು ಅರಕಲಗೂಡಿನಿಂದ ಕಾಗದ ಹಾಕಿದ ತಾಯಂದಿರು ಕ್ಷಮಿಸಬೇಕು. ಈ ವಾರ ಅಡಿಗೆಮನೆಯಿಂದ ಆಚೆ ಬಂದಿದ್ದೇನೆ.

ನಮ್ಮವರದು ಕೊಬ್ಬರಿ ವ್ಯಾಪಾರ. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಎಷ್ಟು ಬಲಿತಿದೆ ಎಂದು ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಆಮೇಲೆ ಒಡೆದು ನೋಡಿದರೆ ಅವರು ಹೇಳಿದ ಹಾಗೇ ಇರುತ್ತದೆ. ಈ ವಿದ್ಯೆ ಅವರ ತಂದೆಯಿಂದ ಬಂದದ್ದು. ಕಾರು ಮಾತ್ರ ಅವರೇ ಮಾಡಿಕೊಂಡದ್ದು.

ಸಕಲೇಶಪುರದ ಕಡೆಯ ಒಬ್ಬ ತೋಟದ ಮಾಲೀಕರು ಓಡಿಸಿ ಬಿಟ್ಟ ಕಾರು ಅದು. ಚಳಿಗಾಲದ ಬೆಳಿಗ್ಗೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸದೆ ಸ್ಟಾರ್ಟ್ ಆಗುವುದಿಲ್ಲ. ಎಡಗಡೆಯ ಬಾಗಿಲನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ, ಕಿಟಕಿಯಿಂದ ಕೈ ಹಾಕಿ ಹೊರಗಿನಿಂದ ತೆಗೆಯಬೇಕು. ಆದರೂ ನಮ್ಮವರಿಗೆ ಅದರ ಮೇಲೆ ಎಷ್ಟು ಅಭಿಮಾನ! ನನ್ನ ಮಾವನವರು ಅರಕಲಗೂಡಿಗೆ ಗಾಡಿ ಕಟ್ಟಿಕೊಂಡು ಹೊರಟರೆ ಮನೆಗೆ ಬರುವುದು ಮೂರನೆಯ ದಿನವಾಗುತ್ತಿತ್ತಂತೆ. ಇವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೋದರೆ ಸಂಜೆಯ ಕಾಫಿಗೆ ಮನೆಯಲ್ಲಿರುತ್ತಾರೆ. ಡ್ರೈವರ್ ಇಟ್ಟುಕೊಳ್ಳಿ ಎಂದವರಿಗೆಲ್ಲ ಒಂದೇ ಉತ್ತರ: "ನನ್ ಕಾರಿಗೆ ಇನ್ನೊಬ್ನ ಕೈ ಬೀಳ್ಬಾರ್ದು."

ಮೊನ್ನೆಯದಲ್ಲ, ಅದರ ಹಿಂದಿನ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಪೂಜೆಗೆ ಕೂತವರು ತಲೆ ಸುತ್ತಿ ಗೋಡೆಗೆ ಒರಗಿದರು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಎದ್ದು ಕೂತು ಮಜ್ಜಿಗೆ ಕೇಳಿದರು. ಕೈಕಾಲು ಆಡುತ್ತಿತ್ತು, ಮಾತು ಸರಿ ಇತ್ತು. ಶಿವ ದೊಡ್ಡವನು ಎಂದುಕೊಂಡೆ.

ಮೂರು ದಿನ ಕಳೆದಿರಬಹುದು. ಊಟಕ್ಕೆ ಕೂತವರು ಕೇಳಿದರು, "ಉಪ್ಪಿನಕಾಯಿ ಯಾಕ್ ಬಡಿಸ್ಲಿಲ್ಲ?"

ಉಪ್ಪಿನಕಾಯಿ ಎಲೆಯ ಮೇಲೇ ಇತ್ತು. ಎಡಗಡೆಯ ತುದಿಯಲ್ಲಿ, ಎಲ್ಲರ ಮನೆಯಲ್ಲೂ ಬಡಿಸುವ ಜಾಗದಲ್ಲಿ. "ಅಲ್ಲೇ ಇದ್ಯಲ್ರೀ" ಎಂದೆ. ಅವರು ಕತ್ತನ್ನು ಪೂರ್ತಿ ತಿರುಗಿಸಿ ನೋಡಿ, "ಓ, ಹೌದು" ಎಂದರು. ಮಾರನೆಯ ದಿನ ಬಾಗಿಲ ಎಡಗಡೆಯ ಚೌಕಟ್ಟಿಗೆ ಹೆಗಲು ತಾಗಿಸಿಕೊಂಡರು. ಅದರ ಮಾರನೆಯ ದಿನ ನಾನು ಎಡಗಡೆಯಿಂದ ಕಾಫಿ ಹಿಡಿದು ನಿಂತಿದ್ದೇನೆ, ಅವರು ಅಡಿಗೆಮನೆಯ ಕಡೆ ನೋಡಿ ಕಾಫಿ ಎಲ್ಲಿ ಎಂದು ಕೂಗುತ್ತಿದ್ದಾರೆ!

ಹಾಸನದ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ನಮ್ಮವರ ಮುಂದೆ ಕೂತು, ಇವರ ಎಡಗಡೆಗೆ ಕೈ ಚಾಚಿ, "ಎಷ್ಟು ಬೆರಳು?" ಎಂದು ಕೇಳಿದರು.

ನಮ್ಮವರು ಕೇಳಿದರು, "ಯಾವ ಬೆರಳು?"

ಡಾಕ್ಟರು ನಿಧಾನವಾಗಿ ಹೇಳಿದರು: "ನೋಡಿ, ನಿಮ್ಮ ಎರಡು ಕಣ್ಣೂ ಚೆನ್ನಾಗಿವೆ. ಕಣ್ಣಿಂದ ತಲೆಗೆ ಹೋಗೋ ದಾರೀಲಿ ಪೆಟ್ಟಾಗಿದೆ. ಎಡಗಡೆ ಇರೋದು ನಿಮಗೆ ಕಾಣಲ್ಲ. ಕಾಣ್ತಾ ಇಲ್ಲ ಅನ್ನೋದೂ ನಿಮಗೆ ಗೊತ್ತಾಗಲ್ಲ. ಹೋದದ್ದು ವಾಪಸ್ ಬರೋದು ಕಷ್ಟ. ಇನ್ನು ಕಾರು ಮಾತ್ರ ನೀವು ಓಡಿಸಬೇಡಿ."

ಹೊರಗೆ ಬಂದು ಮೆಟ್ಟಿಲಿಳಿಯುತ್ತ ನಮ್ಮವರು ನನ್ನ ಮುಖ ನೋಡಿದರು. "ಕೇಳಿಸ್ಕೊಂಡ್ಯಾ? ಎರಡು ಕಣ್ಣೂ ಚೆನ್ನಾಗವೆ ಅಂದ್ರು."

ನಾನು "ಹೂಂ" ಎಂದೆ.

ಬೇಡುವ ದನಿ ಅದು. ಆ ಮುಖ ನೋಡಿಕೊಂಡು ಇನ್ನೇನು ಹೇಳಲಿ? ನೀವಾಗಿದ್ದರೆ ಹೇಳುತ್ತಿದ್ದಿರಾ?

ಅದೇ ಕಾರಿನಲ್ಲಿ ಅವರೇ ಬಿಟ್ಟುಕೊಂಡು ಊರಿಗೆ ಬಂದೆವು. ದಾರಿಯುದ್ದಕ್ಕೂ ನಾನು "ಎಮ್ಮೆ!", "ಸೈಕಲ್ಲು!", "ಅಜ್ಜಿ, ಅಜ್ಜಿ!" ಎಂದು ಕೂಗಿದೆ. ಶಾಂತಿಗ್ರಾಮ ದಾಟುವುದರೊಳಗೆ ಅವರಿಗೆ ಸಿಟ್ಟು ಬಂತು. "ಕಿವೀಲಿ ಕಿರುಚ್ಬೇಡ ಮಾರಾಯ್ತಿ, ಕೈ ನಡುಗ್ತದೆ." ಅವರು ಹೇಳಿದ್ದೂ ನಿಜವೇ. ನಾನು ಕೂಗಿ, ಅವರಿಗೆ ಅರ್ಥವಾಗಿ, ಅವರ ಕೈ ಸ್ಟೀರಿಂಗಿನ ನಡುವಿನ ಹಾರನ್ನಿಗೆ ಹೋಗುವುದರೊಳಗೆ ಎಮ್ಮೆ ಹಿಂದೆ ಉಳಿದಿರುತ್ತಿತ್ತು.

ಆಗ ನನಗೆ ಹೊಳೆಯಿತು. ಹಾರನ್ ನನ್ನ ಕೈಗೂ ಸಿಗುವ ಹಾಗಿದ್ದರೆ?

ಹೌದು. ಆ ಯೋಚನೆ ನನ್ನದೇ. ಇಷ್ಟು ದಿನ ಊರಿನವರು ನಕ್ಕಾಗ ಸುಮ್ಮನಿದ್ದೆ, ಈಗ ಸುಳ್ಳು ಹೇಳುವುದಿಲ್ಲ.

ಹಾಸನದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ರಹಮಾನ್ ಸಾಬರ ಶೆಡ್ಡು. ನಮ್ಮ ಕಾರಿನ ಹೊಟ್ಟೆಯೊಳಗೆ ಏನೇನಿದೆ ಎಂದು ಅವರಿಗೆ ಗೊತ್ತಿರುವಷ್ಟು ಅದನ್ನು ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ. ವಿಷಯ ಕೇಳಿ ಅವರು ಹಣೆ ಗೀಚಿಕೊಂಡರು.

"ಅರೆ ಸಾವ್ಕಾರ್ರೇ! ಎರಡು ಹಾರನ್ ಹಾಕು ಅನ್ನೋರು ಬತ್ತಾರೆ. ಒಂದೇ ಹಾರನ್‌ಗೆ ಎರಡು ಬಟನ್ ಕೇಳಿದೋರು ನೀವೇ ಫಸ್ಟು. ಯಾಕೆ ಬೇಕು?"

ನಮ್ಮವರು ನನ್ನ ಕಡೆ ಬೆರಳು ತೋರಿಸಿದರು. "ನಮ್ಮನೇವ್ಳಿಗೆ ಆಸೆ ಕಣ್ರೀ. ಕಾರಲ್ಲಿ ಸುಮ್ನೆ ಕೂರಕ್ಕೆ ಬೇಜಾರಂತೆ."

ನಾನು ಕಾಲುಂಗುರ ನೋಡಿಕೊಂಡು ನಿಂತೆ.

ಸಾಬರು ನಕ್ಕು ನನಗೆ ವಿವರಿಸಿದರು. "ಭಾಳ ಸುಲಭ ಅಮ್ಮಾ. ಬ್ಯಾಟರಿ ಕರೆಂಟು ಹಾರನ್‌ವರೆಗೂ ಬಂದು ಕಾಯ್ತಾ ನಿಂತಿರ್ತದೆ. ಬಟನ್ ಒತ್ತಿದ್ರೆ ಬಾಗಿಲು ತೆಗೆದಂಗೆ, ಆಚೆ ಹೋಗ್ತದೆ, ಹಾರನ್ ಕೂಗ್ತದೆ. ಆ ವೈರಿಂದ ಇನ್ನೊಂದು ವೈರ್ ಎಳೆದು ನಿಮ್ ಕಡೆ ಇನ್ನೊಂದು ಬಾಗಿಲು ಇಡ್ತೀನಿ. ಯಾರು ತೆಗೆದ್ರೂ ಕೂಗ್ತದೆ."

"ಅವಳು ಒತ್ತಿದ್ದನ್ನ ನಾನು ನಿಲ್ಸಬೋದಾ?" ನಮ್ಮವರು ಕೇಳಿದರು.

"ಆಗಲ್ಲ."

"ಅದೇನ್ರೀ ಅದು!"

"ಮನೇಲಿ ಆಗ್ತದಾ ಸಾವ್ಕಾರ್ರೇ?" ಎಂದರು ಸಾಬರು. ಮೂವರೂ ನಕ್ಕೆವು. ಕಾರ್ತೀಕದಿಂದೀಚೆಗೆ ನಮ್ಮವರು ಬಾಯಿ ತುಂಬ ನಕ್ಕದ್ದು ಅವತ್ತೇ.

ಕಾರಿಗೆ ಹೊಂದುವ ಬಟನ್ ಹಾಸನದಲ್ಲಿ ಸಿಗಲಿಲ್ಲ. ಸಾಬರು ಎಲೆಕ್ಟ್ರಿಕ್ ಅಂಗಡಿಯಿಂದ ಮನೆಯ ಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ ಸ್ವಿಚ್ ತಂದರು. ದುಂಡನೆಯ ಮರದ ತುಂಡಿನ ಮೇಲೆ ಕಪ್ಪು ಬಟ್ಟಲು, ನಡುವೆ ಬಿಳಿಯ ಗುಂಡಿ. ಡ್ಯಾಶ್‌ಬೋರ್ಡಿನ ಕೆಳಗೆ, ನನ್ನ ಎಡಗೈಗೆ ಸಿಗುವ ಹಾಗೆ ಸ್ಕ್ರೂ ಹಾಕಿ ಕೂರಿಸಿದರು. ಮೊದಲ ಸಲ ಒತ್ತಿದಾಗ ಶೆಡ್ಡಿನ ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು. ಸುಳ್ಳೇಕೆ, ಖುಷಿಯಾಯಿತು.

ಅಲ್ಲಿಂದ ಒಂದು ವರ್ಷ ನಮ್ಮ ಕಾರು ಹೀಗೇ ಓಡಿತು. ಬಲಗಡೆ ಅವರದು, ಎಡಗಡೆ ನನ್ನದು. ಕೊಬ್ಬರಿಗೆ ಹೋದರೂ ನಾನು, ನೆಂಟರ ಮನೆಗೆ ಹೋದರೂ ನಾನು. "ಏನಕ್ಕಾ, ಈಗೀಗ ಸಾವ್ಕಾರ್ರನ್ನ ಒಬ್ರನ್ನೇ ಎಲ್ಲಿಗೂ ಬಿಡಲ್ಲ?" ಎಂದು ಪಕ್ಕದ ಮನೆಯಾಕೆ ಚುಚ್ಚಿದಳು. ಬಟನ್ ನೋಡಿದ ಮೇಲಂತೂ "ಕೈ ಕಡೀತಿತ್ತಾ?" ಎಂದಳು. ಗಂಡನ ಗುಟ್ಟನ್ನು ಹೆಂಡತಿ ಹೊರಬೇಕು, ಅದಕ್ಕೆ ಬರುವ ನಗೆಯನ್ನೂ ಹೊರಬೇಕು ಅಂದುಕೊಂಡಿದ್ದೆ. ಹೊರುವುದರಲ್ಲಿ ಒಂದು ಸಣ್ಣ ಹೆಮ್ಮೆಯೂ ಇತ್ತು. (ಈಗ ಒಪ್ಪಿಕೊಳ್ಳುತ್ತೇನೆ.)

ಕಷ್ಟಗಳೂ ಆದವು. ಶ್ರಾವಣದಲ್ಲಿ ಶ್ರವಣಬೆಳಗೊಳದ ಬೀದಿಯಲ್ಲಿ ಸಣ್ಣ ಮಳೆ. ಕಿಟಕಿಯಿಂದ ಎರಚಲು ಬಡಿದು ಮರದ ತುಂಡು ಊದಿಕೊಂಡಿತ್ತೋ ಏನೋ, ಒತ್ತಿದ ಗುಂಡಿ ಮೇಲಕ್ಕೆ ಬರಲೇ ಇಲ್ಲ. ಹಾರನ್ ಬಾಯಿ ಮುಚ್ಚುತ್ತಿಲ್ಲ! ಯಾತ್ರಿಕರು ಕಿವಿ ಮುಚ್ಚಿಕೊಂಡು ನಿಂತರು. ಯಾರೋ ದೊಡ್ಡವರು ಬಂದಿದ್ದಾರೆಂದು ಲಾಡ್ಜಿನವನು ಛತ್ರಿ ಹಿಡಿದು ಓಡಿ ಬಂದ. ಕೊನೆಗೆ ನಾನೇ ತಲೆಪಿನ್ನು ತೆಗೆದು ಗುಂಡಿಯನ್ನು ಮೀಟಿ ಎಬ್ಬಿಸಬೇಕಾಯಿತು. ಅವನ ಛತ್ರಿಯಡಿ ನಿಂತು ಒಂದು ಕಾಫಿ ಕುಡಿದು ಬಂದೆವು.

ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಆದ ಒಳ್ಳೆಯದನ್ನು ಒಂದೊಂದಾಗಿ ಎಣಿಸುವುದು ನನ್ನ ತಾಯಿ ಕಲಿಸಿದ ಅಭ್ಯಾಸ. ಹಾಲು ಒಡೆಯಲಿಲ್ಲ, ಒಂದು. ಹಪ್ಪಳ ಒಣಗುವವರೆಗೆ ಮಳೆ ತಡೆಯಿತು, ಎರಡು. ಕಾರಿನಲ್ಲಿ ಹೋಗಿ ಬಂದ ದಿನಗಳಲ್ಲಿ ಲೆಕ್ಕ ಬೇರೆ ಇರುತ್ತಿತ್ತು. ಉದಯಪುರದ ಹತ್ತಿರ ಸೈಕಲ್ಲಿನವನು ಉಳಿದ. ಹೊಳೆನರಸೀಪುರದ ಸಂತೆಯಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸು ಉಳಿದಳು. ದುದ್ದದ ಹತ್ತಿರ ಹಾಲಿನ ಕ್ಯಾನು ಹೊತ್ತವನು ಉಳಿದ. "ನೀನು ನಡೆಸಿದೆ ತಂದೆ" ಎಂದು ಕೈ ಮುಗಿಯುತ್ತಿದ್ದೆ.

ಇಷ್ಟೊಂದು ಜನ ಉಳಿಯಬೇಕಾದ ಸ್ಥಿತಿಗೆ ಯಾಕೆ ಬರುತ್ತಿದ್ದಾರೆ ಎಂದು ಒಂದು ಸಂಜೆಯೂ ನಾನು ಕೇಳಿಕೊಳ್ಳಲಿಲ್ಲ.

ಈಗ ಹದಿನೈದು ದಿನದ ಹಿಂದಿನ ಮಾತು. ಸಂಕ್ರಾಂತಿ ಕಳೆದಿತ್ತು. ಹೊಳೆನರಸೀಪುರದಲ್ಲಿರುವ ನನ್ನ ತಂಗಿಗೆ ಎಳ್ಳು ಬೆಲ್ಲ ಕೊಟ್ಟು ಬರೋಣ ಎಂದು ಬೆಳಿಗ್ಗೆ ಹೊರಟೆವು. ಡಬ್ಬ ನನ್ನ ಮಡಿಲಲ್ಲಿತ್ತು, ಎಡಗೈ ಗುಂಡಿಯ ಹತ್ತಿರ.

ಈ ಕಾಲದಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಟಾರು ಹಾಕಿದ ಮೇಲೆ ಹಳ್ಳಿಯವರು ಹುರುಳಿ ಗಿಡವನ್ನು ಕಿತ್ತು ತಂದು ರಸ್ತೆಯ ಮೇಲೇ ಹರಡುತ್ತಾರೆ. ಬಸ್ಸು, ಲಾರಿ, ಕಾರು ಅದರ ಮೇಲೆ ಹಾದು ಹೋಗಿ ಕಾಳು ಉದುರುತ್ತದೆ. ಎತ್ತು ಕಟ್ಟಿ ತುಳಿಸುವ ಕೆಲಸ ತಪ್ಪುತ್ತದೆ. ಕೆಲವು ಡ್ರೈವರುಗಳು ಬೈದುಕೊಳ್ಳುತ್ತಾರೆ. ನಮ್ಮವರಿಗೆ ಮಾತ್ರ ಅದರಲ್ಲಿ ಸಂತೋಷ. "ಯಾರದೋ ಕಣಕ್ಕೆ ನಮ್ದೊಂದು ಸುತ್ತು" ಎನ್ನುತ್ತಾರೆ.

ಹೊಳೆನರಸೀಪುರ ಇನ್ನು ಆರೇಳು ಮೈಲಿ ಇತ್ತು. ದೂರದಲ್ಲಿ ರಸ್ತೆಯ ಮೇಲೆ ಹುರುಳಿ ಕಾಣಿಸಿತು. "ಹಾಕವ್ರೆ ನೋಡು" ಎಂದು ನಮ್ಮವರು ಸ್ವಲ್ಪ ವೇಗ ಕಡಿಮೆ ಮಾಡಿದರು. ಎಡಗಡೆಯ ಅಂಚಿನಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಬಗ್ಗಿದ್ದಳು. ನಾನು ಗುಂಡಿ ಒತ್ತಿದೆ. ಚಿಕ್ಕದಾಗಿ ಒಂದು, ಉದ್ದಕ್ಕೆ ಒಂದು. ಅವಳು ಕೇಳಿಸಿಕೊಂಡಳು. ತಲೆ ಅಲ್ಲಾಡಿದ್ದು ನನಗೆ ಕಾಣಿಸಿತು. ಸರಿ, ಸರಿದುಕೊಳ್ಳುತ್ತಾಳೆ ಅಂದುಕೊಂಡೆ. ಹಾರನ್ ಆಯಿತಲ್ಲ, ದಾರಿ ಬಿಟ್ಟಿರುತ್ತಾರೆ ಎಂದು ನಮ್ಮವರೂ ಮುಂದೆ ಹೋದರು.

ಅವಳು ಸರಿಯಲಿಲ್ಲ. ಒಂದು ದೊಡ್ಡ ತೆಕ್ಕೆ ಹುರುಳಿ ಗಿಡವನ್ನು ಎದೆಗೆ ಅಪ್ಪಿಕೊಂಡು, ತಿರುಗಿಯೂ ನೋಡದೆ, ಸೀದಾ ನಮ್ಮ ಎಡಗಡೆಯ ಚಕ್ರದ ಮುಂದಕ್ಕೆ ಬಂದಳು.

"ನಿಲ್ಸೀ!"

ನಮ್ಮವರು ಬ್ರೇಕ್ ತುಳಿದರು. ಕಾರು ನಿಲ್ಲಲಿಲ್ಲ. ಚಕ್ರದ ಕೆಳಗೆ ಸೇರುಗಟ್ಟಲೆ ಹುರುಳಿ ಕಾಳು. ಅದರ ಮೇಲೆ ಬ್ರೇಕ್ ಹಿಡಿದೀತೇ? ಕಾರು ಜಾರಿತು. ಹಿಂಭಾಗ ಒಂದು ಕಡೆಗೆ ಹೊರಳಿತು. ನಾನು ಕಣ್ಣು ಮುಚ್ಚಿದೆ. ಡಬ್ಬ ಕಾಲ ಮೇಲೆ ಬಿತ್ತು. ಏನೋ ಮುರಿದ ಸದ್ದು. ಆಮೇಲೆ ಇಂಜಿನ್ ನಿಂತು ಎಲ್ಲ ನಿಶ್ಶಬ್ದವಾಯಿತು.

ನಮ್ಮವರು ನನ್ನ ಕಡೆ ತಿರುಗಿದರು. "ಏನಾಯ್ತು? ಯಾಕ್ ಕಿರುಚ್ದೆ?"

ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಆ ಪ್ರಶ್ನೆ ಕೇಳಿ ನನ್ನ ಜೀವ ಹೋದಷ್ಟು ಕಾರು ಜಾರಿದಾಗಲೂ ಹೋಗಿರಲಿಲ್ಲ. ಒಬ್ಬ ಹೆಂಗಸಿನ ಮೇಲೆ ಕಾರು ಹೋಗಿರಬಹುದು. ಸ್ಟೀರಿಂಗ್ ಹಿಡಿದವರು ಏನಾಯಿತು ಎಂದು ಕೇಳುತ್ತಿದ್ದಾರೆ.

ಕಿಟಕಿಯಿಂದ ಕೈ ಹಾಕಿ ಬಾಗಿಲು ತೆಗೆದೆ. ಹೇಗೋ ಇಳಿದೆ. ಶಿವನ ದಯೆ ದೊಡ್ಡದು. ಆಕೆ ರಸ್ತೆಯ ಅಂಚಿನಲ್ಲಿ, ಹುರುಳಿ ಸೊಪ್ಪಿನ ಗುಡ್ಡೆಯ ಮೇಲೆ ಕೂತು, ಬಾಯಿಗೆ ಹೋದ ಹೊಟ್ಟು ಉಗುಳುತ್ತಿದ್ದಳು. ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಹಾರಿದ್ದಳು. ಅವಳು ಅಪ್ಪಿಕೊಂಡಿದ್ದ ತೆಕ್ಕೆ ಚಕ್ರದ ಕೆಳಗಿತ್ತು. ಅವಳ ಮೊರ ಮಡ್‌ಗಾರ್ಡಿನ ಕೆಳಗೆ ಎರಡು ಹೋಳಾಗಿ ಬಿದ್ದಿತ್ತು.

"ಏಟಾಯ್ತೇನವ್ವಾ?"

"ಏಟೇನಿಲ್ಲ. ಮೊರ ಓಯ್ತು." ಎದ್ದು ಸೀರೆ ಕೊಡವಿಕೊಂಡಳು. ನನ್ನ ಓರಗೆಯವಳೇ ಇರಬೇಕು, ನಲವತ್ತೈದರ ಆಸುಪಾಸು. "ಇಂಗಾ ಬುಡದು ಕಾರಾ? ಜೀವ ಬಾಯಿಗ್ ಬಂದ್ಬುಡ್ತು!"

ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ನನ್ನ ಬಾಯಿಂದ ಬಂದ ಮಾತು ಇದು: "ಹಾರನ್ ಮಾಡಿದ್ನಲ್ಲವ್ವಾ, ಮತ್ಯಾಕೆ ಅಡ್ಡ ಬಂದೆ?"

ಅವಳು ಸೊಂಟದ ಮೇಲೆ ಕೈ ಇಟ್ಟಳು. "ಆರನ್ ಒಡುದ್ರಿ ಅಂತ್ಲೇ ಬಂದಿದ್ದು! ಆರನ್ ಒಡುದ್ರು ಅಂದ್ರೆ ನನ್ನ ನೋಡವ್ರೆ ಅಂತ ತಾನೆ? ನೋಡ್ದೋರು ನಿಂತ್ಕತ್ತಾರೆ. ಅಷ್ಟರಾಗೆ ಇನ್ನೊಂದ್ ತೆಕ್ಕೆ ಗಾಲಿಗ್ ಆಕಾನ ಅಂತ ತಂದೆ. ದಿನಾ ಬಸ್ನೋರು ಅಂಗೇ ಮಾಡಾದು. ಕೇಳ್ರವ್ವ ಬೇಕಾರೆ!"

ಅಷ್ಟರಲ್ಲಿ ನಮ್ಮವರು ಬಾನೆಟ್ಟಿನ ಮೇಲೆ ಕೈಯಾಡಿಸಿಕೊಂಡು ಈ ಕಡೆ ಬಂದರು. ಮುರಿದ ಮೊರ ನೋಡಿದರು. ತೆಕ್ಕೆ ನೋಡಿದರು. ಅವಳನ್ನು ನೋಡಿದರು. ಮುಖ ಬೆಳ್ಳಗಾಯಿತು.

ಅವಳು ನೇರವಾಗಿ ಕೇಳಿದಳು: "ನಾ ಕಾಣ್ನಿಲ್ವಾ ಸಾ ನಿಮ್ಗೆ?"

ನನ್ನ ನಾಲಗೆಯ ಮೇಲೆ ಉತ್ತರ ಸಿದ್ಧವಾಗಿತ್ತು. ಬಿಸಿಲು ಕಣ್ಣಿಗೆ ಹೊಡೆಯಿತು, ಸೊಪ್ಪಿನ ಮರೆ ಇತ್ತು, ಬ್ರೇಕ್ ಸರಿಯಿಲ್ಲ. ಒಂದು ವರ್ಷದ ಅಭ್ಯಾಸವಲ್ಲವೇ? ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಅಂದರು:

"ಕಾಣ್ಲಿಲ್ಲ ಕಣವ್ವ. ಎಡಗಡೆ ನಂಗೆ ಏನೂ ಕಾಣಲ್ಲ."

ಹೆತ್ತ ಮಕ್ಕಳಿಗೂ ಹೇಳದ ಮಾತನ್ನು ಹೆಸರು ಗೊತ್ತಿಲ್ಲದ ಆ ಹೆಂಗಸಿಗೆ ಹೇಳಿದರು.

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. "ಮತ್ತೆ ಆರನ್ ಒಡುದ್ರಲ್ಲಾ?"

"ಅದು ಇವಳು ಒತ್ತಿದ್ದು."

ಅವಳು ಕಾರಿನೊಳಕ್ಕೆ ಬಗ್ಗಿ ನೋಡಿದಳು. ಕಪ್ಪು ಬಟ್ಟಲು, ಬಿಳಿಯ ಗುಂಡಿ. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೋಡಿದ್ದು ನೀವು, ಬುಟ್ಟಿದ್ದು ಅವ್ರು. ಈಗ ನಾ ಯಾರ್ನ ನಂಬಾದು ಏಳಿ."

ಕೆಳಗೆ ಬಿದ್ದಿದ್ದ ಡಬ್ಬ ತಂದು ಅವಳ ಕೈಗೆ ಕೊಟ್ಟೆ. ಅವಳು ಮುಚ್ಚಳ ತೆಗೆದು ಎಳ್ಳು ಬೆಲ್ಲ ನೋಡಿ ಮೆತ್ತಗಾದಳು. "ಮರದ ನೆಳ್ಳಿಗೆ ತಳ್ಳಿ ಕಾರ. ನಾ ನೋಡ್ಕತ್ತೀನಿ. ಬಸ್ ಬತ್ತದೆ, ಅತ್ಕಂಡ್ ಓಗಿ. ಇನ್ನೊಂದ್ ಸುತ್ತು ಮೇಲೆ ಓಡಾಡ್ಸಿ ಅನ್ನಾನ ಅಂದ್ಕಂಡಿದ್ದೆ, ನಿಮ್ ಸವಾಸ ಬ್ಯಾಡ ಬುಡಿ!" ಎಂದು ತಾನೇ ನಕ್ಕಳು. ನಮ್ಮವರೂ ನಗಲು ನೋಡಿದರು. ಆಗಲಿಲ್ಲ.

ಮೂವರೂ ಸೇರಿ ಕಾರನ್ನು ಹೊಂಗೆ ಮರದ ಕೆಳಕ್ಕೆ ತಳ್ಳಿದೆವು. ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಡ್ರೈವರು ದೂರದಿಂದಲೇ ಹಾರನ್ ಹೊಡೆದ. ಹೊಡೆದು ಏನು ಮಾಡಿದ ಗೊತ್ತೇ? ನಿಲ್ಲಿಸಿದ. ಅವಳು ಅವಸರವಿಲ್ಲದೆ ಒಂದು ತೆಕ್ಕೆ ತಂದು ಚಕ್ರದ ದಾರಿಗೆ ಹರಡಿ, ಪಕ್ಕಕ್ಕೆ ಬಂದು, "ಬುಡಣ್ಣೋ!" ಎಂದಳು. ಅವನು ನಿಧಾನವಾಗಿ ಅದರ ಮೇಲೆ ಬಿಟ್ಟುಕೊಂಡು ಬಂದು ನಮ್ಮನ್ನು ಹತ್ತಿಸಿಕೊಂಡ.

ಆ ಬಸ್ಸಿನವನಿಗೆ ಇದ್ದದ್ದು ಒಂದೇ ಬಟನ್. ಆದರೆ ಒತ್ತುವ ಕೈ, ನೋಡುವ ಕಣ್ಣು, ಬ್ರೇಕಿನ ಮೇಲಿನ ಕಾಲು, ಮೂರೂ ಒಬ್ಬನದೇ. ನಾವು ಅದನ್ನು ಹಂಚಿಕೊಂಡಿದ್ದೆವು. ರಸ್ತೆಯಲ್ಲಿ ನಡೆಯುವವರಿಗೆ ಇದು ಹೇಗೆ ಗೊತ್ತಾಗಬೇಕು? ಹಾರನ್ ಕೇಳಿದವರೆಲ್ಲ, ನಮ್ಮನ್ನು ಯಾರೋ ನೋಡಿದ್ದಾರೆ ಎಂದು ನಂಬಿದರು. ವರ್ಷವಿಡೀ ನಂಬಿದರು. ನಾನು ಆ ನಂಬಿಕೆಗೆ ಸುಳ್ಳು ಸಾಕ್ಷಿ ಹೇಳುತ್ತ ಪಕ್ಕದಲ್ಲಿ ಕೂತಿದ್ದೆ.

ಬಸ್ಸಿನಲ್ಲಿ, ಮೊಣಕೈಗೆ ಮೊಣಕೈ ತಾಗುವ ಆ ಇಕ್ಕಟ್ಟಿನಲ್ಲಿ, ನಾನು ಹೇಳಿದೆ. "ಇನ್ನು ನೀವು ಕಾರು ಬಿಡಬೇಡಿ."

ನಮ್ಮವರು ಮಾತಾಡಲಿಲ್ಲ. ತಂಗಿಯ ಮನೆಯಲ್ಲೂ ಹೆಚ್ಚು ಆಡಲಿಲ್ಲ. "ಭಾವನೋರಿಗೆ ಹುಷಾರಿಲ್ವಾ?" ಎಂದು ಅವಳು ಕೇಳಿದಳು. ಖಾಲಿ ಕೈಯಲ್ಲಿ ಬಂದದ್ದಕ್ಕೆ ಬೈದುಕೊಂಡಳೋ ಏನೋ, ಗೊತ್ತಿಲ್ಲ. ಹೊರಡುವಾಗ ಅವಳ ಮನೆಯ ಹೊಸ ಮೊರ ಒಂದನ್ನು ಕೇಳಿ ಈಸಿಕೊಂಡೆ. ಬ್ರೇಕು ನೋಡಿ ಕಾರು ತರಲು ತಂಗಿಯ ಗಂಡ ಗೊತ್ತು ಮಾಡಿದ ಡ್ರೈವರನ ಕೈಲಿ ಆ ಮೊರ ಹುರುಳಿಯ ಹೆಂಗಸಿಗೆ ಸೇರಿತು.

ಹೋದ ಸೋಮವಾರ ಅದೇ ಡ್ರೈವರು ನಮ್ಮನ್ನು ಹಾಸನಕ್ಕೆ ಕರೆದುಕೊಂಡು ಹೋದ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ. ರಹಮಾನ್ ಸಾಬರು ಕಾಲಿಂಗ್ ಬೆಲ್ ಸ್ವಿಚ್ಚಿನ ಸ್ಕ್ರೂ ಬಿಚ್ಚುತ್ತ ಕೇಳಿದರು, "ಯಾಕಮ್ಮಾ, ಆಸೆ ತೀರ್ತಾ?"

ನಾನು ನಗುವ ಮೊದಲೇ ನಮ್ಮವರು ಅಂದರು, "ಅವಳ ಆಸೆ ಅಲ್ಲ ಕಣ್ರೀ ಅದು. ನಂಗೆ ಎಡಗಡೆ ಕಾಣಲ್ಲ. ಅವತ್ತು ನಿಮ್ಗೆ ಸುಳ್ಳು ಹೇಳ್ದೆ."

ಸಾಬರ ಕೈ ನಿಂತಿತು. ಸ್ಕ್ರೂ ಡ್ರೈವರ್ ಕೆಳಗಿಟ್ಟು ಅವರು ನನ್ನ ಕಡೆ ನೋಡಿದರು. ಒಂದು ಸ್ಟೂಲು ತಂದು ಸೆರಗಿಗೆ ಗ್ರೀಸು ಹತ್ತದ ಹಾಗೆ ಒರೆಸಿ, "ಕೂತ್ಕೊಳ್ಳಿ ಅಮ್ಮಾ" ಎಂದರು. ಅವತ್ತಿನ ದೀಪದ ಹೊತ್ತಿಗೆ ನಾನು ಎಣಿಸಿದ್ದು ಅದೊಂದನ್ನೇ.

ಇದನ್ನೆಲ್ಲ ಬರೆಯಲೇ ಎಂದು ನಮ್ಮವರನ್ನು ಕೇಳಿದೆ. ಮೊದಲು ಬೇಡ ಎಂದರು. ಮಾರನೆಯ ಬೆಳಿಗ್ಗೆ ತಾವಾಗಿಯೇ, "ಬರಿ, ನನ್ನಂಥೋರು ಇನ್ನೂ ನಾಕು ಜನ ಇರ್ಬೋದು" ಎಂದರು. ಇರಬಹುದು. ಆದರೆ ನಾನು ಬರೆಯುತ್ತಿರುವುದು ಅವರಂಥವರಿಗಲ್ಲ. ಅವರ ಎಡಗಡೆ ಕೂತಿರುವ ನನ್ನಂಥವರಿಗೆ. ಕುಡಿದು ಬಂದ ಗಂಡನಿಗೆ ಜ್ವರ ಎಂದು ಆಫೀಸಿಗೆ ಚೀಟಿ ಕಳಿಸುವವರಿಗೆ, ಬಾಯಿಬಡುಕ ಮಗನನ್ನು ಚುರುಕು ಎಂದು ಮೇಷ್ಟರ ಮುಂದೆ ಹೊಗಳುವವರಿಗೆ. ನಾವೆಲ್ಲ ಪ್ರೀತಿಯಿಂದಲೇ ಗುಂಡಿ ಒತ್ತುತ್ತೇವೆ. ಅಡ್ಡ ಬರುವವರು ಯಾರು ಎಂದು ಮಾತ್ರ ನೋಡುವುದಿಲ್ಲ.

ಹಾಸನದಿಂದ ವಾಪಸು ಬರುವಾಗ ನಮ್ಮವರು ಬಸ್ಸಿನಲ್ಲಿ ಕೊಡದೇ ಇದ್ದ ಉತ್ತರ ಕೊಟ್ಟರು. ಕಿಟಕಿಯ ಆಚೆ ನೋಡುತ್ತ, ಸಿಟ್ಟಿಲ್ಲದೆ, ಮೆಲ್ಲಗೆ.

"ಕಾರು ಬಿಡ್ಬೇಡಿ ಅನ್ನೋ ಮಾತು ಹೇಳಕ್ಕೆ ನಿಂಗೆ ಒಂದು ವರ್ಷ ಬೇಕಾಯ್ತಾ?"

"ಹೇಳಿದ್ರೆ ಕೇಳ್ತಿದ್ರಾ?"

"ಗೊತ್ತಿಲ್ಲ. ಬೈತಿದ್ದೆ. ನಾಕು ದಿನ ಮಾತು ಬಿಡ್ತಿದ್ದೆ." ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು. "ಆದ್ರೆ ನೀನು ಪಕ್ಕದಲ್ಲಿ ಕೂತು ಒತ್ತುತಿದ್ದೆ. ಅದಕ್ಕೇ ಪರವಾಗಿಲ್ಲ ಅನ್ಕೊಂಡು ಬಿಡ್ತಿದ್ದೆ."

ಅವರು ಬಿಡುತ್ತಾರಲ್ಲ ಎಂದು ನಾನು ಒತ್ತುತ್ತಿದ್ದೆ, ನಾನು ಒತ್ತುತ್ತೇನಲ್ಲ ಎಂದು ಅವರು ಬಿಡುತ್ತಿದ್ದರು. ಆ ಹೆಂಗಸು ಅವತ್ತು ಹಿಂದಕ್ಕೆ ಹಾರದೆ ಇದ್ದಿದ್ದರೆ, ದೇವರು ಮೊದಲು ಯಾರನ್ನು ಕೇಳುತ್ತಿದ್ದ?